ಸೂರ್ಯ ವಾಪಸ್ ಬಂದ ಮೇಲೆ

ನಾನು ಜನರೇಟರ್ ಮೆಕ್ಯಾನಿಕ್. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ ಒಂದು ಚಳಿಗಾಲ ಪೂರ್ತಿ ಕಳೆದಿದ್ದೇನೆ. ಊರಲ್ಲಿ ಎಲ್ಲರೂ ಕೇಳುವುದು ಒಂದೇ: "ಆ ಕತ್ತಲಲ್ಲಿ ಹೇಗಿದ್ರಿ?" ಕತ್ತಲು ಅಷ್ಟೇನೂ ಕಾಡಲಿಲ್ಲ ಅಂದರೆ ಯಾರೂ ನಂಬುವುದಿಲ್ಲ.

ಮೇ ಕೊನೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸಲು ಸುಮಾರು ಎರಡು ತಿಂಗಳು ಬೇಕು. ನಡು ಮಧ್ಯಾಹ್ನ ಆಕಾಶದ ಅಂಚಿನಲ್ಲಿ ಒಂದಿಷ್ಟು ಬೆಳಕು, ಅಷ್ಟೇ. ಆದರೆ ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿರುತ್ತೇವೆ. ಜೂನ್ 21 ಅಂದರೆ ಅಲ್ಲಿ ನಡು ಚಳಿಗಾಲ, ಆವತ್ತು ಮಿಡ್‌ವಿಂಟರ್ ಹಬ್ಬ ಇರುತ್ತದೆ, ಬೇರೆ ದೇಶಗಳ ಕೇಂದ್ರಗಳಿಂದ ಶುಭಾಶಯ ಬರುತ್ತವೆ. ಹಿಮಗಾಳಿ ಎದ್ದರೆ ಹಗ್ಗ ಹಿಡಿದು ಜನರೇಟರ್ ಶೆಡ್‌ಗೆ ಹೋಗಬೇಕು. ಜೀವಭಯ ಇದ್ದಾಗ ಜಗಳಕ್ಕೆ ಪುರುಸೊತ್ತು ಎಲ್ಲಿ?

ನನಗೆ ಕಷ್ಟ ಶುರುವಾಗಿದ್ದು ಆಗಸ್ಟ್‌ನಲ್ಲಿ. ಸೂರ್ಯ ಬಂದಾಗ ಹೊರಗೆ ಓಡಿ ಕುಣಿದೆವು. ಒಂದು ವಾರ ಖುಷಿ. ಆಮೇಲೆ ಲೆಕ್ಕ ಹಾಕಿದರೆ ಚಳಿಗಾಲ ಮುಗಿದು ಬರುವ ಮೊದಲ ವಿಮಾನಕ್ಕೆ ಇನ್ನೂ ಮೂರು ತಿಂಗಳು! ಪಕ್ಕದವರು ಸೊರ್ ಅಂತ ಟೀ ಕುಡಿದರೂ ಮೈ ಉರಿಯುತ್ತಿತ್ತು. ಒಂದು ದಿನ ಉಪ್ಪಿನಕಾಯಿ ಜಾಡಿಯ ಮುಚ್ಚಳ ಯಾರೋ ಹಾಕಿಲ್ಲ ಅಂತ ಊಟದ ಮೇಜಿನಲ್ಲೇ ಕೂಗಾಡಿಬಿಟ್ಟೆ. ಇಪ್ಪತ್ತು ಚಿಲ್ಲರೆ ಜನ ತಟ್ಟೆ ನೋಡುತ್ತಾ ಕೂತರು.

ರಾತ್ರಿ ನಮ್ಮ ಡಾಕ್ಟರ್ ಬಂದರು. ಅರ್ಧ ಅವಧಿ ದಾಟಿದ ಮೇಲೆ ಹೀಗಾಗುವುದು ಉಂಟು, ಇದಕ್ಕೆ 'ಥರ್ಡ್ ಕ್ವಾರ್ಟರ್', ಅಂದರೆ ಅವಧಿಯ ಮೂರನೇ ಕಾಲುಭಾಗ, ಅಂತ ಹೆಸರೇ ಇದೆ ಅಂದರು. ಪಕ್ಕದ ರಷ್ಯನ್ ಕೇಂದ್ರ ನೊವೊಲಜರೆವ್‌ಸ್ಕಾಯಾದಲ್ಲಿ 1961ರಲ್ಲಿ ರೋಗೊಜೋವ್ ಎಂಬ ಡಾಕ್ಟರ್ ತನ್ನ ಅಪೆಂಡಿಕ್ಸ್ ತಾನೇ ಕೊಯ್ದು ತೆಗೆದಿದ್ದರಲ್ಲ, ಆ ಕಥೆ ಹೇಳಿ, "ನಿಮ್ಮದು ಬರೀ ಉಪ್ಪಿನಕಾಯಿ" ಎಂದು ನಕ್ಕರು.

ಮರುದಿನ ಕ್ಯಾಲೆಂಡರ್ ಗೋಡೆಯಿಂದ ತೆಗೆದೆ. ಓಡುವ ಜನರೇಟರ್‌ಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು, ಅಂದರೆ ಹತ್ತು ದಿನಕ್ಕಿಂತ ಸ್ವಲ್ಪ ಜಾಸ್ತಿ. ಮುಂದಿನ ಆಯಿಲ್ ಚೇಂಜ್ ತನಕ ಮಾತ್ರ ಯೋಚಿಸುವುದು ಅಂತ ನಿಶ್ಚಯಿಸಿದೆ. ಅಡುಗೆಮನೆ ಪಾಳಿ ಎಲ್ಲರಿಗೂ ಬರುತ್ತಿತ್ತು. ನಾನು ಬೇರೆಯವರದ್ದನ್ನೂ ಕೇಳಿ ಪಡೆದೆ. ಚಪಾತಿ ಲಟ್ಟಿಸುವಾಗ ಸಿಟ್ಟು ಬರುವುದಿಲ್ಲ, ಬಂದರೂ ಹಿಟ್ಟಿನ ಮೇಲೆ ಹೋಗುತ್ತದೆ. ಕ್ಷಮೆ ಅಂತ ಬಾಯಿಬಿಟ್ಟು ಕೇಳಲಿಲ್ಲ. ಬಿಸಿ ಚಪಾತಿ ಬಡಿಸುತ್ತಾ ಹೋದೆ, ಅವರೂ ಮಾತಾಡಿಸಿದರು.

ಎಂಟನೇ ಆಯಿಲ್ ಚೇಂಜ್ ಆದ ವಾರ ಕೇಪ್‌ಟೌನ್‌ನಿಂದ ವಿಮಾನ ಬಂತು. ಟೊಮೆಟೊ ತಂದಿದ್ದರು. ಒಂದನ್ನು ಕೈಯಲ್ಲಿ ಹಿಡಿದು ಸುಮ್ನೆ ಮೂಸುತ್ತಾ ನಿಂತಿದ್ದೆ.