ಮಗ 22-ಇ, ನಾನು 14-ಸಿ

ಗದಗದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಬಿಲ್ ಬುಕ್ಕು, ಪಾಂಪ್ಲೆಟ್ಟು, ಸೀಸನ್ ಬಂದರೆ ಲಗ್ನಪತ್ರಿಕೆ. ಲಗ್ನಪತ್ರಿಕೆ ಮಾಡುವವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಯಾರ ಹೆಸರಿನ ಪಕ್ಕ ಯಾರ ಹೆಸರು ಬರಬೇಕು ಅನ್ನೋದರ ಮೇಲೆ ಅರ್ಧ ಮದುವೆ ನಿಂತಿರುತ್ತದೆ. ದೊಡ್ಡಪ್ಪನ ಹೆಸರು ಕಾಕಾನ ಹೆಸರಿನ ಕೆಳಗೆ ಬಂತೆಂದು ಪ್ರೂಫ್ ಹರಿದು ಹೋದವರನ್ನೂ ನೋಡಿದ್ದೇನೆ. ಅಂಥ ನಾನು, ನನ್ನ ಮನೆಯ ನಾಲ್ಕೇ ನಾಲ್ಕು ಹೆಸರುಗಳನ್ನು ಒಂದು ವಿಮಾನದೊಳಗೆ ಜೋಡಿಸಲಾಗದೆ ಒದ್ದಾಡಿದ ಕತೆ ಇದು.

2023ರ ದಸರಾ ರಜೆ. ತಂಗಿ ದಿಲ್ಲಿಯಲ್ಲಿದ್ದಾಳೆ. ಹುಬ್ಬಳ್ಳಿಯಲ್ಲೇ ವಿಮಾನ ನಿಲ್ದಾಣವಿದೆ, ಆದರೆ ಬೆಂಗಳೂರಿನಲ್ಲಿ ಬೀಗರ ಮನೆಯ ಕೆಲಸವೊಂದಿತ್ತು. ಹಾಗಾಗಿ ಬೆಂಗಳೂರಿನವರೆಗೆ ರೈಲು, ಅಲ್ಲಿಂದ ವಿಮಾನ ಅಂತ ಮಾಡಿದೆವು. ಮೊದಲು ನಾನು ಮತ್ತು ಎಂಟು ವರ್ಷದ ಮಗಳು ಮಾತ್ರ ಹೋಗುವುದಿತ್ತು. ಹೆಂಡತಿಯ ಅವ್ವನಿಗೆ ಆರಾಮ ಇರಲಿಲ್ಲ. ವಾರದ ಮೇಲೆ ಅವರು ಸುಧಾರಿಸಿಕೊಂಡರು. ಆಗ ಹೆಂಡತಿಗೂ ನಾಲ್ಕು ವರ್ಷದ ಮಗನಿಗೂ ಬೇರೆ ಟಿಕೆಟ್ ತೆಗೆದೆ. ಅದೇ ವಿಮಾನ, ಅದೇ ದಿನ, ಆದರೆ ಪಿಎನ್‌ಆರ್, ಅಂದರೆ ಬುಕಿಂಗ್ ನಂಬರು, ಎರಡು. ಅದೇನು ದೊಡ್ಡ ವಿಷಯ ಅಂತ ಆಗ ಅನ್ನಿಸಲಿಲ್ಲ.

ಟಿಕೆಟ್ ತೆಗೆಯುವಾಗ ಸೀಟಿನ ಪುಟ ಬಂತು. ಎಲ್ಲ ಸೀಟಿಗೂ ಒಂದೊಂದು ಬಣ್ಣ, ಒಂದೊಂದು ರೇಟು. ನಾಲ್ಕು ವರ್ಷದ ಹುಡುಗನಿಗೂ ನನ್ನಷ್ಟೇ ಟಿಕೆಟ್ ದುಡ್ಡು ಕೊಟ್ಟಾಗಿತ್ತು. ರೈಲಿನಲ್ಲಾದರೆ ಐದರೊಳಗಿನ ಮಗುವಿಗೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಇಲ್ಲ. ಇಲ್ಲಿ ಪೂರ್ತಿ ದುಡ್ಡು ಕೊಟ್ಟ ಮೇಲೆ ಅವರವ್ವನ ಪಕ್ಕ ಕೂರಿಸಲು ಮತ್ತೆ ದುಡ್ಡಾ? ಸಿಟ್ಟು ಬಂತು. ಸೀಟು ಆರಿಸದೆ ಮುಂದೆ ಹೋದೆ. ಮಕ್ಕಳ ವಯಸ್ಸು ಅವರಿಗೆ ಗೊತ್ತಿದೆ, ಹೆಂಗೂ ಒಟ್ಟಿಗೆ ಕೊಡ್ತಾರೆ ಅಂದುಕೊಂಡೆ.

ಕೊಡಲಿಲ್ಲ. ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ನನಗೆ 14-ಸಿ, ಮಗಳಿಗೆ 19-ಬಿ, ಹೆಂಡತಿಗೆ 8-ಇ, ಮಗನಿಗೆ 22-ಇ. ಹೆಂಡತಿ ಒಮ್ಮೆ ಪಾಸು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಅಲ್ರೀ, ನಾಕು ವರ್ಷದ ಕೂಸು ಅದು. ಒಂದ ಕುಂಡ್ರತೈತೇನು?" ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯ ಮಾತಿನವಳೇ. "ಸರ್, ಈಗ ಮುಂದಿನ ಸೀಟು ಅಷ್ಟೇ ಇವೆ, ಅವಕ್ಕೆ ಪೇ ಮಾಡ್ಬೇಕು. ಇಲ್ಲಾಂದ್ರೆ ಒಳಗೆ ಕೇಳಿ, ಯಾರಾದ್ರೂ ಅಡ್ಜಸ್ಟ್ ಮಾಡ್ಕೋತಾರೆ" ಅಂದಳು. ನನಗೆ ಹಟ. ಒಳಗೆ ಕೇಳಿದರಾಯಿತು ಅಂದೆ.

ರೈಲಿನಲ್ಲಿ ಇದು ನಮಗೆ ಹೊಸದಲ್ಲ. "ಅಣ್ಣಾರ, ಸಣ್ಣ ಹುಡುಗ್ರು ಅದಾವ್ರಿ, ಲೋವರ್ ಕೊಡ್ತೀರೇನು" ಅಂದರೆ ನೂರಕ್ಕೆ ತೊಂಬತ್ತು ಮಂದಿ ಎದ್ದೇಳುತ್ತಾರೆ. ವಿಮಾನದಲ್ಲಿ ಹಾಗಲ್ಲ ಅಂತ ಆವತ್ತು ಗೊತ್ತಾಯಿತು. 22-ಎಫ್‌ನಲ್ಲಿ, ಕಿಟಕಿಯ ಪಕ್ಕ, ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಕೇಳಿದೆ. "ಸಾರಿ ಸರ್, ಈ ಸೀಟಿಗೆ ನಾನು ಎಕ್ಸ್‌ಟ್ರಾ ಕೊಟ್ಟಿದ್ದೀನಿ" ಅಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ದುಡ್ಡು ಕೊಟ್ಟವನು ಯಾಕೆ ಬಿಡಬೇಕು? ಸೀಟಿಗೆ ರೇಟು ಹಚ್ಚಿದ ಮೇಲೆ, "ಸ್ವಲ್ಪ ಸರೀರಿ" ಅನ್ನುವ ಮಾತಿಗೆ ಜಾಗವೇ ಉಳಿಯಲಿಲ್ಲ.

ಮಗ ನಡುವಿನ ಸೀಟಿನಲ್ಲಿ ಕಾಲು ಮುಂದೆ ಚಾಚಿ ಕೂತಿದ್ದ. ಬೆಲ್ಟು ಎಷ್ಟು ಎಳೆದರೂ ಹೊಟ್ಟೆಗೆ ಸಡಿಲ. ಇನ್ನೂ ಅತ್ತಿರಲಿಲ್ಲ, ಆದರೆ ಕೆಳತುಟಿ ಹೊರಗೆ ಬಂದಿತ್ತು. ಕೊನೆಗೆ 22-ಡಿಯಲ್ಲಿದ್ದ ಒಬ್ಬ ದೊಡ್ಡಮ್ಮ, ನನ್ನ ಕೈಯಲ್ಲಿದ್ದ ಪಾಸು ನೋಡಿ, "ನಿಮ್ಮದೂ ಓಡಾಡೋ ಕಡೆ ಸೀಟಾ? ಹಾಗಾದ್ರೆ ನಾನು ಅಲ್ಲಿ ಹೋಗ್ತೀನಿ ಬಿಡಿ" ಅಂದು ಎದ್ದರು. ಅಂಚಿಗೆ ಅಂಚು ಬದಲಾಯಿತು. ಈ ವಿಷಯ ಆಮೇಲೆ ಕೆಲಸಕ್ಕೆ ಬಂತು.

ಹೆಂಡತಿಯೂ ಮಗಳೂ ಹಾಗೇ ಉಳಿದರು. ಮಗಳು ಎರಡೂಮುಕ್ಕಾಲು ತಾಸು ಇಬ್ಬರು ಅಪರಿಚಿತರ ನಡುವೆ, ಶಾಲೆಯ ಬ್ಯಾಗು ಎದೆಗೆ ಅವುಚಿಕೊಂಡು ಕೂತಿದ್ದಳು. ದಿಲ್ಲಿಯಲ್ಲಿ ಇಳಿದ ಕೂಡಲೇ ನಳದ ಹತ್ತಿರ ಓಡಿ ಗಟಗಟ ನೀರು ಕುಡಿದಳು. ಒಳಗೇ ಕೇಳಬಹುದಿತ್ತಲ್ಲ ಅಂದರೆ, "ನಾಚಿಕಿ ಬಂತಪ್ಪಾ" ಅಂದಳು.

ಇನ್ನೊಂದು ಮಾತೂ ತಲೆಯಲ್ಲಿ ಉಳಿಯಿತು. ವಿಮಾನ ಹೊರಡುವ ಮೊದಲು ಹೇಳುತ್ತಾರಲ್ಲ, ಆಮ್ಲಜನಕದ ಮಾಸ್ಕ್ ಕೆಳಗೆ ಬಿದ್ದರೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ನಿಮ್ಮ ಮಗುವಿಗೆ ಹಾಕಿ ಅಂತ. ಹೆಂಡತಿ ಎಂಟನೇ ಸಾಲಿನಲ್ಲಿ, ಮಗಳು ಹತ್ತೊಂಬತ್ತರಲ್ಲಿ. ಹೆಂಗೆ ಹಾಕೋದು?

ವಾಪಸು ಬರುವಾಗ ಹಟ ಇಳಿದಿತ್ತು. ನಾಲ್ಕು ಸೀಟಿಗೆ ತಲಾ 350ರಂತೆ 1,400 ರೂಪಾಯಿ ತೆತ್ತು ಒಟ್ಟಿಗೆ ಕೂತೆವು. ಸಾಧಾರಣ ಕಾಗದದ ನೂರು ಲಗ್ನಪತ್ರಿಕೆಯ ದುಡ್ಡು ಅದು.

ಮಾರನೇ ವರ್ಷ, 2024ರ ಏಪ್ರಿಲ್‌ನಲ್ಲಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ವಿಮಾನ ಕಂಪನಿಗಳಿಗೆ ಒಂದು ಸೂಚನೆ ಕೊಟ್ಟಿತು. 12 ವರ್ಷದವರೆಗಿನ ಮಗುವಿಗೆ, ಅದೇ ಪಿಎನ್‌ಆರ್‌ನಲ್ಲಿ ಹೋಗುತ್ತಿರುವ ತಂದೆ-ತಾಯಿ ಅಥವಾ ಪೋಷಕರಲ್ಲಿ ಕನಿಷ್ಠ ಒಬ್ಬರ ಜೊತೆ ಸೀಟು ಕೊಡಬೇಕು, ಕೊಟ್ಟಿದ್ದಕ್ಕೆ ದಾಖಲೆಯನ್ನೂ ಇಡಬೇಕು. ಪತ್ರಿಕೆಯಲ್ಲಿ ಸಣ್ಣದಾಗಿ ಬಂದಿತ್ತು. ನಾನು ಕತ್ತರಿಸಿ ಮಶೀನಿನ ಪಕ್ಕದ ಗೋಡೆಗೆ ಅಂಟಿಸಿದೆ. ಪ್ರೂಫ್ ನೋಡುವವನ ಚಟ, ಒಂದೊಂದು ಶಬ್ದಕ್ಕೂ ಕೆಳಗೆ ಗೆರೆ ಎಳೆದೆ. "ಅದೇ ಪಿಎನ್‌ಆರ್". "ಕನಿಷ್ಠ ಒಬ್ಬರು". ಇಡೀ ಮನೆಮಂದಿ ಒಟ್ಟಿಗೆ ಅಂತ ಎಲ್ಲೂ ಇಲ್ಲ. ಬೇಕಾದ ಸೀಟು ಆರಿಸಲು ದುಡ್ಡು ತೆಗೆದುಕೊಳ್ಳುವುದನ್ನೂ ಅದು ನಿಲ್ಲಿಸಿಲ್ಲ. ಆರಿಸದೆ ಬಿಟ್ಟರೂ ಮಗುವನ್ನು ಒಂಟಿ ಮಾಡಬೇಡಿ ಅನ್ನುತ್ತದೆ, ಅಷ್ಟೇ. ನನಗೆ ಬೇಕಾಗಿದ್ದೂ ಅಷ್ಟೇ.

2025ರ ಮೇ ತಿಂಗಳಲ್ಲಿ ಮತ್ತೆ ದಿಲ್ಲಿಗೆ ಹೊರಟೆವು. ಈ ಸಲ ನಮ್ಮ ಅವ್ವನೂ ಸೇರಿ ಐದು ಮಂದಿ. ಅವ್ವ ಬರುತ್ತೇನೆ ಅನ್ನಲು ನಾಲ್ಕು ದಿನ ತೆಗೆದುಕೊಂಡಳು. "ತಮ್ಮಾ, ಅದರಾಗ ಕಾಲು ಹಿಡ್ಕೊಂಡ್ರ ಏನ್ ಮಾಡ್ಲಿ?" ಅವಳ ಮೊಣಕಾಲು ಮೊದಲಿನಂತಿಲ್ಲ. ಅಷ್ಟರೊಳಗೆ ಟಿಕೆಟ್ ಒಂದಕ್ಕೆ ನಾನೂರು ಏರಿತು. ಏರಲಿ ಅಂತ ಕಾದೆ. ಎಲ್ಲರ ಹೆಸರೂ ಒಂದೇ ಪಿಎನ್‌ಆರ್‌ನಲ್ಲಿ ಬರಬೇಕಿತ್ತು. ಹಿಂದಿನಿಂದ ಸೇರಿಸಿದ ಹೆಸರು ಪುರವಣಿ ಇದ್ದಂಗೆ, ಮೈನ್ ಪೇಪರಿಗೆ ಸೇರೋದಿಲ್ಲ.

ಎರಡನೇ ಎಚ್ಚರ, ಮಕ್ಕಳನ್ನು ಮಕ್ಕಳು ಅಂತಲೇ ನಮೂದಿಸುವುದು. ಟಿಕೆಟ್ ದರ ಒಂದೇ ಅಲ್ವಾ ಅಂತ ಎಷ್ಟೋ ಮಂದಿ ಅವಸರದಲ್ಲಿ ಐದು ದೊಡ್ಡವರು ಅಂತ ಒತ್ತಿಬಿಡುತ್ತಾರೆ. ನಮ್ಮ ಪಕ್ಕದ ಝೆರಾಕ್ಸ್ ಅಂಗಡಿಯವನು ಹಾಗೇ ಮಾಡಿದ್ದ. ಐದು ದೊಡ್ಡವರು ಅಂದರೆ ಕಂಪ್ಯೂಟರಿಗೆ ಐದೂ ದೊಡ್ಡವರೇ, ಅದು ಎಲ್ಲಿ ಬೇಕಾದರೂ ಒಗೆಯುತ್ತದೆ. ಮೂವರು ದೊಡ್ಡವರು, ಇಬ್ಬರು ಮಕ್ಕಳು ಅಂತ ಹಾಕಿದೆ. ಎರಡು ವರ್ಷದೊಳಗಿನ ಕೂಸಿನ ಲೆಕ್ಕ ಬೇರೆ. ಅದಕ್ಕೆ ಸೀಟೇ ಇಲ್ಲ, ತೊಡೆಯ ಮೇಲೆ.

ಸೀಟಿನ ಪುಟದಲ್ಲಿ ಈ ಸಲ ಗಡಿಬಿಡಿ ಮಾಡಲಿಲ್ಲ. ದುಡ್ಡಿನ ಗುಂಡಿ ಬೆರಳಷ್ಟು ಅಗಲ, ಗಾಢ ಬಣ್ಣ. "ಸೀಟು ಬೇಡ, ಮುಂದೆ ಹೋಗಿ" ಅನ್ನುವುದು ಮೂಲೆಯಲ್ಲಿ, ಬೂದಿ ಬಣ್ಣದಲ್ಲಿ, ನಮ್ಮ ಅಳತೆಯಲ್ಲಿ ಹೇಳುವುದಾದರೆ 8 ಪಾಯಿಂಟ್‌ಗಿಂತ ಜಾಸ್ತಿ ಇರಲಿಕ್ಕಿಲ್ಲ. ಓದಬಾರದು ಅಂತಲೇ ಹಾಗೆ ಹಾಕುವುದು ನಮ್ಮ ಧಂಧೆಯವರಿಗೆ ಗೊತ್ತು. ನಾವೂ ರಸೀದಿಯ ಹಿಂದೆ ಷರತ್ತುಗಳನ್ನು ಹಾಗೇ ಹಾಕಿಕೊಡುತ್ತೇವೆ.

ಅವ್ವನಿಗೆ ಮಾತ್ರ ದುಡ್ಡು ಕೊಟ್ಟೆ. ಕಾಲು ಚಾಚಲಿ, ಎದ್ದು ಓಡಾಡಲಿ ಅಂತ ಮುಂದಿನ 12-ಸಿ. ಇದು ಜಾಣತನ ಅಂದುಕೊಂಡಿದ್ದೆ.

ವೆಬ್ ಚೆಕ್-ಇನ್, ಅಂದರೆ ಮೊಬೈಲಿನಲ್ಲೇ ಬೋರ್ಡಿಂಗ್ ಪಾಸ್ ತೆಗೆಯುವುದು, ನಾವು ಹೊರಟಿದ್ದ ವಿಮಾನ ಕಂಪನಿಯಲ್ಲಿ 48 ತಾಸು ಮೊದಲು ತೆರೆಯುತ್ತಿತ್ತು. ಮೊಬೈಲಿನಲ್ಲಿ ಅಲಾರಂ ಇಟ್ಟು, ಮಶೀನು ನಿಲ್ಲಿಸಿ ಕೂತೆ. ಬೇಗ ಮಾಡಿದಷ್ಟೂ ಜೋಡಿ ಸೀಟು ಖಾಲಿ ಇರುತ್ತವೆ. ಸೀಟು ಆರಿಸದೆ ಮುಂದೆ ಒತ್ತಿದೆ, ಒಂದು ಪೈಸೆ ಕೊಡಲಿಲ್ಲ. ಬಂತು ನೋಡಿ: ಹೆಂಡತಿ, ಮಗ 24-ಎ ಮತ್ತು 24-ಬಿ. ನಾನು, ಮಗಳು 26-ಡಿ ಮತ್ತು 26-ಇ. ಖುಷಿಯಲ್ಲಿ ಹೆಂಡತಿಗೆ ಫೋನ್ ಹಚ್ಚಿ ಓದಿ ಹೇಳಿದೆ. ಆಕೆ ಎಲ್ಲ ಕೇಳಿ, "ಮತ್ತ ಅತ್ತಿ?" ಅಂದಳು.

ಅವ್ವ 12-ಸಿ. ಒಬ್ಬಳೇ. ಕನ್ನಡ ಬಿಟ್ಟು ಬೇರೆ ಮಾತು ಬಾರದವಳು, ಮೊದಲ ಸಲ ವಿಮಾನ ಹತ್ತುವವಳು. ದುಡ್ಡು ಕೊಡದ ನಾಲ್ವರು ಹಿಂದೆ ಜೋಡಿ ಜೋಡಿ, ದುಡ್ಡು ಕೊಟ್ಟವಳು ಮುಂದೆ ಒಂಟಿ! ಮಕ್ಕಳಿಗಿರುವ ನಿಯಮ ಅವ್ವಂದಿರಿಗಿಲ್ಲ.

ಆಗ ಆ ದೊಡ್ಡಮ್ಮ ನೆನಪಾದರು. ಬದಲಿಗೆ ಕೇಳಬೇಕಾದರೆ ನಮ್ಮ ಕೈಯಲ್ಲಿ ಒಳ್ಳೆಯ ಸೀಟು ಇರಬೇಕು. ನಡುವಿನ ಸೀಟು ತೋರಿಸಿ ಕಿಟಕಿ ಕೊಡಿ ಅಂದರೆ ಯಾರು ಕೊಡುತ್ತಾರೆ? ನಮ್ಮ ಕೈಯಲ್ಲಿ 12-ಸಿ ಇತ್ತು, ಮುಂದಿನ ಸಾಲು, ಅಂಚಿನ ಸೀಟು. ಸಣ್ಣ ಮಕ್ಕಳಿದ್ದಾರೆ ಅಂತ ಗೇಟಿನಲ್ಲಿ ಹೇಳಿ ಮೊದಲೇ ಹತ್ತಿದೆವು. ಜನ ಬ್ಯಾಗು ಮೇಲಿಟ್ಟು, ಬೆಲ್ಟು ಹಾಕಿ, ಕಣ್ಣು ಮುಚ್ಚಿದ ಮೇಲೆ ಎಬ್ಬಿಸಬಾರದು. ನಾನು 24-ಸಿ ಹತ್ತಿರ ಕಾದು ನಿಂತೆ. ಆ ಸೀಟಿನವರು ಬಂದರು, ಕೈಯಲ್ಲಿ ಬ್ಯಾಗು ಇನ್ನೂ ಇತ್ತು. "ಸರ್, ನಿಮಗೆ ಮುಂದೆ 12-ಸಿ ಕೊಡ್ತೀನಿ, ಇದೇ ಥರ ಅಂಚಿಂದೇ. ನಮ್ಮ ತಾಯಿ ಇಲ್ಲಿ ಕೂರಲಿ" ಅಂದೆ. ಅವರು ಪಾಸು ನೋಡಿದರು, ಮುಂದೆ ನೋಡಿದರು, "ಶೂರ್" ಅಂದು ನಡೆದೇಬಿಟ್ಟರು. ಗಗನಸಖಿಗೂ ಒಂದು ಮಾತು ತಿಳಿಸಿದೆ. ಅವ್ವ ಸೊಸೆ ಮತ್ತು ಮೊಮ್ಮಗನ ಸಾಲಿನಲ್ಲಿ ಕೂತು, ಬ್ಯಾಗಿನಿಂದ ಶೇಂಗಾ ಹೋಳಿಗೆ ತೆಗೆದಳು. ವಿಮಾನ ಇನ್ನೂ ನೆಲದ ಮೇಲೇ ಇತ್ತು.

ವಾಪಸು ಬರುವಾಗ ಬೇರೆ ಕಂಪನಿ. ಇಲ್ಲಿ ಲೆಕ್ಕ ತಪ್ಪಿತು. ಒಂದೇ ಪಿಎನ್‌ಆರ್, ಮಕ್ಕಳ ವಯಸ್ಸು ಸರಿ, ಚೆಕ್-ಇನ್ನೂ ಬೇಗ ಮಾಡಿದ್ದೆ. ಆದರೂ ಮಗಳನ್ನು ಆರು ಸಾಲು ಹಿಂದೆ ಒಗೆದಿತ್ತು. ಬದಲಿಸಲು ಹೋದರೆ ದುಡ್ಡು ಕೇಳಿತು. ಕೊಡಲಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ವಿಮಾನಕ್ಕೆ ಎರಡೂವರೆ ತಾಸು ಮೊದಲು ಕೌಂಟರಿನಲ್ಲಿ ನಿಂತೆ. ಜಗಳ ಮಾಡಲಿಲ್ಲ, ದನಿ ಏರಿಸಲಿಲ್ಲ. ನನಗೆ ಬರುವ ಹರಕು ಹಿಂದಿಯಲ್ಲಿ ಅಷ್ಟೇ ಹೇಳಿದೆ: ಇವಳಿಗೆ ಹತ್ತು ವರ್ಷ, ಪಿಎನ್‌ಆರ್ ಒಂದೇ, ಡಿಜಿಸಿಎ ಸೂಚನೆ ಇದೆ, ಪೋಷಕರ ಜೊತೆ ಸೀಟು ಕೊಟ್ಟಿದ್ದಕ್ಕೆ ದಾಖಲೆ ಇಡಬೇಕಲ್ಲ, ಇವಳದ್ದು ಏನಂತ ಬರೆಯುತ್ತೀರಿ? ಆತ ನನ್ನ ಮುಖ ನೋಡಿದ, ಹಿಂದೆ ಯಾರನ್ನೋ ಕರೆದ. ಅವರು ಬಂದು ಎರಡು ಸಲ ಗುಂಡಿ ಒತ್ತಿದರು. ಹೊಸ ಪಾಸು ಬಂತು, 17-ಡಿ ಮತ್ತು 17-ಇ. ದುಡ್ಡು ಕೇಳಲಿಲ್ಲ. ಕೇಳಿದ್ದರೆ ಕೊಟ್ಟು, ರಸೀದಿ ಹಿಡಿದು ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕುವುದು ಅಂತ ಮೊದಲೇ ಅಂದುಕೊಂಡಿದ್ದೆ. ಸೀಟಿಗಾಗಿ ಮಕ್ಕಳ ಎದುರು ಕೂಗಾಡಿ ವಿಮಾನ ತಪ್ಪಿಸಿಕೊಳ್ಳುವುದು ಬೇಕಿರಲಿಲ್ಲ.

ಹಾಗಂತ ಸೀಟಿಗೆ ದುಡ್ಡು ಕೊಡುವವರು ದಡ್ಡರು ಅಂತ ನಾನು ಹೇಳುವುದಿಲ್ಲ. ಅವ್ವನಿಗೆ ನಾಳೆ ಮತ್ತೆ ಕೊಡುತ್ತೇನೆ, ಆದರೆ ಅವಳ ಪಕ್ಕದ ಒಂದು ಸೀಟಿಗೂ ಸೇರಿಸಿ. ಒಬ್ಬರೇ ಇಬ್ಬರು ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವಾಗ, ಮೂರೂ ಸೀಟು ಒಂದೇ ಸಾಲಿನಲ್ಲಿ ಇದೆ ಅಂತ ಮೊದಲೇ ಗೊತ್ತಿದ್ದರೆ ಆ ನೆಮ್ಮದಿಗೆ ಸಾವಿರ ರೂಪಾಯಿ ಕೊಟ್ಟರೂ ನಡೆದೀತು. ನನ್ನ ತಕರಾರು ಇಷ್ಟೇ: ನಾಲ್ಕು ವರ್ಷದ ಮಗುವಿನ ಪಕ್ಕ ಅವರಪ್ಪ ಕೂರುವುದು ಕಿಟಕಿಯ ನೋಟದಂಥ ಶೋಕಿಯಲ್ಲ. ಅದನ್ನೂ ಅದೇ ಬಣ್ಣದ ಚೌಕದಲ್ಲಿ ಹಾಕಿ ಮಾರಬಾರದು.

ಮಗಳದ್ದು ಈಗ ಬೇರೆ ಬೇಡಿಕೆ. ಮುಂದಿನ ಸಲ ತನಗೆ ಕಿಟಕಿಯೇ ಬೇಕಂತೆ, ಒಬ್ಬಳೇ ಕೂರುತ್ತಾಳಂತೆ, ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡಿನಲ್ಲಿ ಸೀಟು ತಾನೇ ಕೊಳ್ಳುತ್ತಾಳಂತೆ. ನೀರು ಯಾರನ್ನು ಕೇಳ್ತಿ ಅಂದೆ. "ಬಾಟ್ಲಿ ಒಯ್ತೀನಿ" ಅಂದಳು.