ಎರಡು ಸಭೆಗಳ ಒಂದೇ ಚರ್ಚು: ಚರಿತ್ರೆ ಬರೆದಿಡುವ ಮತ್ತು ಕಟ್ಟಡ ಕಾಯುವ ಕ್ರಮ

ಹಳ್ಳಿಯ ಹಳೆಯ ಚರ್ಚಿಗೆ ಸುಣ್ಣ ಬಳಿಸುವುದಕ್ಕಾಗಲಿ ಮಾಡು (ಚಾವಣಿ) ಬಿಚ್ಚಿಸುವುದಕ್ಕಾಗಲಿ ಮುಂದಾಗುವ ಮೊದಲು, ಅದನ್ನು ಯಾರು, ಯಾವ ಕಾಲದಲ್ಲಿ, ಯಾವ ಸಾಮಗ್ರಿಯಿಂದ ಕಟ್ಟಿದರು ಎಂಬುದನ್ನು ತಿಳಿದುಕೊಳ್ಳಬೇಕು. ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯ ಆರಾಧನೆಯೂ ಮಧ್ಯಾಹ್ನ ಕ್ಯಾಥೊಲಿಕರ ಬಲಿಪೂಜೆಯೂ (ಮಾಸ್) ನಡೆಯುವ ಕಡೆ ಇದು ಇನ್ನಷ್ಟು ಮುಖ್ಯ, ಏಕೆಂದರೆ ಅಲ್ಲಿ ಒಂದು ಸಭೆಯ ಹಿರಿಯರಿಗೆ ನೆನಪಿರುವ ಸಂಗತಿ ಇನ್ನೊಂದು ಸಭೆಯವರ ಕಿವಿಗೆ ಬಿದ್ದೇ ಇರುವುದಿಲ್ಲ. ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಿನ ಇಂಥ ಒಂದು ಚರ್ಚಿನ ಉಸ್ತುವಾರಿಯಲ್ಲಿ ಹಲವು ಮಳೆಗಾಲಗಳನ್ನು ಕಳೆದವನಾಗಿ, ಇದೇ ಹೊಣೆಯನ್ನು ಹೊಸದಾಗಿ ಹೊರುವವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ಕೊಡಗಿನ ಚರ್ಚುಗಳ ಮೂಲ ಒಂದೇ ಅಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ಯಾಥೊಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯವನ್ನೂ ಭೂಮಿಯನ್ನೂ ಕೊಟ್ಟದ್ದರಿಂದ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಆರಂಭವಾಯಿತು. 1834ರಲ್ಲಿ ರಾಜ್ಯ ಬ್ರಿಟಿಷರ ವಶವಾದ ಮೇಲೆ ಸೈನ್ಯದವರಿಗೆ, ಅಧಿಕಾರಿಗಳಿಗೆ, ಅನಂತರ ತೋಟದ ದೊರೆಗಳಿಗೆಂದು ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಆಲಯಗಳು ಬಂದವು. ಮಡಿಕೇರಿ ಕೋಟೆಯೊಳಗಿನ 1855ರ ಸೇಂಟ್ ಮಾರ್ಕ್ಸ್ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಅದೇ ದಶಕದಲ್ಲಿ, ಸ್ವಿಟ್ಜರ್ಲೆಂಡ್ ಮೂಲದ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಆನಂದಪುರದಲ್ಲಿ ಹೊಸ ಕ್ರೈಸ್ತರ ನೆಲೆಯೊಂದನ್ನು ಕಟ್ಟಿದರು. ತೋಟದ ಕೆಲಸಕ್ಕೆಂದು ತಮಿಳು, ಮಲಯಾಳ, ಕೊಂಕಣಿ, ಕನ್ನಡ ಮಾತನಾಡುವ ಕುಟುಂಬಗಳು ಬಂದು ಲೈನ್‌ಮನೆಗಳಲ್ಲಿ (ಕೂಲಿಗಾರರ ಸಾಲುಮನೆಗಳಲ್ಲಿ) ನೆಲೆಸಿದ ಮೇಲೆ, ದೊರೆಗಳ ಬೆಂಚುಗಳಲ್ಲಿ ಬೇರೆಯವರು ಕುಳಿತರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆಂಗ್ಲಿಕನ್ ಆಲಯಗಳು ಅದರೊಳಗೆ ಸೇರಿದವು. ನಿಮ್ಮ ಚರ್ಚು ಇವುಗಳಲ್ಲಿ ಯಾವ ಧಾರೆಯದು ಎಂದು ಗೊತ್ತಾದರೆ ದಾಖಲೆಯನ್ನು ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ.

ಹುಡುಕಾಟವನ್ನು ಚರ್ಚಿನ ಕಪಾಟಿನಿಂದಲೇ ಆರಂಭಿಸಿ. ದೀಕ್ಷಾಸ್ನಾನ, ಮದುವೆ, ಸಮಾಧಿ ಇವುಗಳ ರಿಜಿಸ್ಟರುಗಳಲ್ಲಿ ತಂದೆಯ ಕಸುಬು, ತೋಟದ ಹೆಸರು, ಊರು ಬರೆದಿರುತ್ತಾರೆ. ಆ ಅಂಕಣಗಳನ್ನು ಸಾಲಾಗಿ ಓದಿದರೆ ಯಾವ ವರ್ಷಗಳಲ್ಲಿ ಎಲ್ಲಿಂದ ಜನ ಬಂದರೆಂಬುದು ತಾನೇ ಕಾಣುತ್ತದೆ. ಆಂಗ್ಲಿಕನ್ ರಿಜಿಸ್ಟರು ಗೆದ್ದಲಿಗೆ ಹೋಗಿದ್ದರೂ ನಿರಾಶರಾಗಬೇಡಿ, ಏಕೆಂದರೆ ಬ್ರಿಟಿಷರ ಕಾಲದಲ್ಲಿ ಅದರ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸುತ್ತಿದ್ದರು, ಅವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಾಸೆಲ್ ಮಿಷನ್ನಿನ ಕಾಗದಪತ್ರಗಳಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜನ್ನು ಕೇಳಬೇಕು. ಜಾಗದ ಪಹಣಿಯನ್ನೂ ನಕ್ಷೆಯನ್ನೂ ತಾಲ್ಲೂಕು ಕಚೇರಿಯಿಂದ ತೆಗೆಸಿ, ಅದರಲ್ಲಿ ಯಾರ ಹೆಸರಿದೆ ಎಂದು ಎರಡೂ ಸಭೆಯವರು ಕೂಡಿ ನೋಡಿರಿ. ಹಿರಿಯರನ್ನು ವಿಚಾರಿಸುವಾಗ “ಹಿಂದೆ ಹೇಗಿತ್ತು” ಎಂದು ಕೇಳಿದರೆ ಹೆಚ್ಚೇನೂ ಸಿಗುವುದಿಲ್ಲ. “ಗಂಟೆ ಯಾವ ಕಡೆ ತೂಗುತ್ತಿತ್ತು, ಮಳೆನೀರು ಎಲ್ಲಿ ಸೋರುತ್ತಿತ್ತು, ಮಾಡನ್ನು ಕೊನೆಯ ಬಾರಿ ಯಾರು ಬಿಚ್ಚಿದರು” ಎಂದು ಕೇಳಿದರೆ ಮಾತು ಹರಿದುಬರುತ್ತದೆ, ಮತ್ತು ಅದು ದುರಸ್ತಿಗೂ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಎರಡು ಸಭೆಗಳ ನಡುವಿನ ಒಪ್ಪಂದ ಬಾಯಿಮಾತಿನಲ್ಲಿ ಉಳಿಯಬಾರದು. ಕ್ಯಾಥೊಲಿಕ್ ಧರ್ಮಗುರುಗಳು ಬೇರೊಂದು ಸಭೆಯ ಆಲಯದಲ್ಲಿ ಬಲಿಪೂಜೆ ಅರ್ಪಿಸಬೇಕಾದರೆ, ಕ್ಯಾಥೊಲಿಕ್ ಸಭೆಯ ನಿಯಮಾವಳಿಯ 933ನೆಯ ವಿಧಿಯಂತೆ ಯೋಗ್ಯ ಕಾರಣವೂ ಸ್ಥಳೀಯ ಧರ್ಮಾಧಿಕಾರಿಗಳ (ಬಿಷಪ್ಪರ) ಸ್ಪಷ್ಟ ಅನುಮತಿಯೂ ಇರಬೇಕು. ಆ ಅನುಮತಿ ಪತ್ರದ ಒಂದು ಪ್ರತಿ ಚರ್ಚಿನ ಕಡತದಲ್ಲಿರಲಿ. ಕೀಲಿಕೈ ಯಾರಲ್ಲಿರಬೇಕು, ಪರಮಪ್ರಸಾದವನ್ನು (ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು) ಆಲಯದಲ್ಲೇ ಇರಿಸಬಹುದೇ, ಪ್ರತಿಮೆಗಳನ್ನು ಎಲ್ಲಿಡಬೇಕು, ಕರೆಂಟು ಬಿಲ್ಲನ್ನು ಹೇಗೆ ಹಂಚಿಕೊಳ್ಳಬೇಕು ಎಂಬುವನ್ನೆಲ್ಲ ಬರೆದಿಡಿ. ದುರಸ್ತಿಯ ಹಣಕ್ಕೆ ಎರಡೂ ಸಭೆಯ ಒಬ್ಬೊಬ್ಬರ ಸಹಿ ಬೇಕಾಗುವ ಪ್ರತ್ಯೇಕ ಖಾತೆ ತೆರೆಯುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ದೈವಶಾಸ್ತ್ರದ ಭೇದಗಳನ್ನು ಸಹಿಸಿಕೊಂಡವರೂ ಲೆಕ್ಕದ ವಿಷಯದಲ್ಲಿ ಮನಸ್ಸು ಮುರಿದುಕೊಂಡದ್ದನ್ನು ಕಂಡಿದ್ದೇನೆ.

ಇನ್ನು ಕಟ್ಟಡದ ವಿಷಯ. ಕೊಡಗಿನಲ್ಲಿ ಚರ್ಚನ್ನು ಕಾಯುವುದೆಂದರೆ ನೀರಿನಿಂದ ಕಾಯುವುದು ಎಂದೇ ಅರ್ಥ. ಮಾಡಿನ ವಿಸ್ತಾರ 120 ಚದರ ಮೀಟರ್ ಇದ್ದು ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ 12,000 ಲೀಟರ್ ನೀರು ಆ ಮಾಡಿನಿಂದ ಇಳಿಯುತ್ತದೆ, ಜುಲೈ ತಿಂಗಳಲ್ಲಿ ಅಂಥ ದಿನಗಳು ಅಪರೂಪವಲ್ಲ. ಆ ನೀರಿಗೆ ದಾರಿಯಿಲ್ಲದಿದ್ದರೆ ಅದು ಗೋಡೆಯ ಬುಡಕ್ಕೇ ಇಂಗುತ್ತದೆ. ಕಾಫಿ ಕೊಯ್ಲು ಮುಗಿದು ಜನರಿಗೆ ಬಿಡುವು ಸಿಗುವ ಮಾರ್ಚಿನಿಂದ ಮೇ ಮಧ್ಯದವರೆಗಿನ ಅವಧಿಯೇ ಕೆಲಸಕ್ಕೆ ತಕ್ಕ ಕಾಲ. ನಡುವೆ ಬರುವ, ಕಾಫಿ ಹೂ ಅರಳಿಸುವ ಹೂಮಳೆಯನ್ನು ಮರೆಯದೆ, ಒಂದು ದಿನದಲ್ಲಿ ಮತ್ತೆ ಮುಚ್ಚಬಹುದಾದಷ್ಟೇ ಮಾಡನ್ನು ಆ ದಿನ ಬಿಚ್ಚಿಸಿ.

ಮಂಗಳೂರು ಹೆಂಚಿನ ಕೆಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದರಿಂದ, ನಿಮ್ಮ ಚರ್ಚು ಅದಕ್ಕೂ ಹಳೆಯದಾಗಿದ್ದರೆ ಮೊದಲ ಮಾಡು ಬೇರೆಯದೇ ಆಗಿತ್ತೆಂದು ತಿಳಿಯಬೇಕು. ಒಂದು ಕಾರ್ಖಾನೆಯ ಹೆಂಚಿನ ಅಂಚಿನ ಕಚ್ಚು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಒಡೆದ ಹೆಂಚಿಗೆ ಬದಲಾಗಿ ಸಿಕ್ಕಿದ ಹೆಂಚನ್ನು ತುರುಕದೆ, ಹಳೆಯ ಮನೆ ಕೆಡಹುವ ಕಡೆಗಳಿಂದ ಅದೇ ಅಚ್ಚಿನವನ್ನು ತಂದು ಒಂದಿಷ್ಟನ್ನು ಕಾದಿರಿಸಿ. ಹೆಂಚು ಇಳಿಸಿದ ದಿನವೇ ಮಾಡಿನ ಮರಗಳಾದ ಪಕ್ಕಾಸು ಮತ್ತು ರೀಪುಗಳನ್ನು ಉಳಿಯ ಮೊನೆಯಿಂದ ಚುಚ್ಚಿ ನೋಡಿ, ವಿಶೇಷವಾಗಿ ಗೋಡೆಯ ಮೇಲೆ ಕೂರುವ ತುದಿಗಳನ್ನು. ಹಾವಸೆಯನ್ನು ಒಣಗಿದ ಮೇಲೆ ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ರಭಸದ ನೀರು ಹಾಯಿಸಬಾರದು. ಮಾಡಿನಂಚಿನ ನೀರು ಹೊರುವ ತಗಡಿನ ದಂಬೆಗಳಲ್ಲಿ ಸಿಲ್ವರ್ ಓಕ್ ಎಲೆ ಬಹಳ ಬೇಗ ತುಂಬುವುದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅವನ್ನು ಬಳಿದು ಶುಚಿ ಮಾಡುವ ಪಾಳಿಯನ್ನು ಎರಡೂ ಸಭೆಯ ಯುವಕರಿಗೆ ವಹಿಸಬಹುದು.

ಗೋಡೆಯ ವಿಷಯದಲ್ಲಿ ನಮ್ಮಲ್ಲಾದ ತಪ್ಪನ್ನು ಹೇಳಲೇಬೇಕು. ಪಡುವಣ ಗೋಡೆಯ ಸುಣ್ಣದ ಗಾರೆ ಉದುರುತ್ತಿದೆ ಎಂದು ನಾವು ಅದರ ಮೇಲೆ ಸಿಮೆಂಟ್ ಬಳಿಸಿ ಬಣ್ಣ ಹಚ್ಚಿಸಿದೆವು. ಎರಡೇ ಮಳೆಗಾಲದಲ್ಲಿ ಬಣ್ಣ ಗುಳ್ಳೆಯೆದ್ದು, ಒಳಗಡೆ ಉಪ್ಪು ಹೂವಿನಂತೆ ಅರಳಿ, ಬೆಂಚುಗಳ ಬೆನ್ನು ಹಸಿಯಾಯಿತು. ಸುಣ್ಣದ ಗೋಡೆ ನೀರನ್ನು ಹೀರಿ ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ. ಸಿಮೆಂಟಿನ ಪದರ ಆ ದಾರಿಯನ್ನು ಮುಚ್ಚಿಬಿಡುವುದರಿಂದ ತೇವ ಒಳಗೇ ಉಳಿಯುತ್ತದೆ. ಕೊನೆಗೆ ಅದನ್ನೆಲ್ಲ ಕೆತ್ತಿಸಿ ತೆಗೆದು ಮತ್ತೆ ಸುಣ್ಣಕ್ಕೇ ಮರಳಿದೆವು. ಸುಟ್ಟ ಸುಣ್ಣವನ್ನು ನೀರು ಹಾಕಿ ಅರಳಿಸಿ, ನೀರಿನಡಿಯಲ್ಲಿ ಕಡಿಮೆಯೆಂದರೆ ಎರಡು ವಾರ ನೆನೆಯಬಿಟ್ಟು, ಮರಳಿನೊಂದಿಗೆ ಕಲಸಿ ತೆಳುವಾಗಿ ಬಳಿಯಬೇಕು. ಅರಳಿಸುವಾಗ ಅದು ಕುದಿಯುವುದರಿಂದ ಮಕ್ಕಳನ್ನು ದೂರವಿಟ್ಟು ಕಣ್ಣಿಗೆ ಕನ್ನಡಕ ಧರಿಸಬೇಕು. ಮೇಲಿನ ತಿಳಿಸುಣ್ಣವನ್ನು ಗೋಡೆ ತೇವ ಮಾಡಿಕೊಂಡು, ಒಂದೊಂದು ಪದರವೂ ಒಣಗಲು ಬಿಟ್ಟು, ಮೂರು ನಾಲ್ಕು ಬಾರಿ ಹಚ್ಚಿ. ಸುಣ್ಣ ಗಾಳಿಯೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಈ ಕೆಲಸ ಏಪ್ರಿಲ್ ಒಳಗೇ ಮುಗಿದಿರಲಿ.

ಗೆದ್ದಲಿನ ಮಣ್ಣುಗೆರೆಗಳನ್ನು ಗೋಡೆಯ ಬುಡದಲ್ಲಿ ತಿಂಗಳಿಗೊಮ್ಮೆ ನೋಡಿಕೊಳ್ಳಿ. ಗಂಟೆಗೋಪುರದಲ್ಲಿ ಹೆಜ್ಜೇನು ಕಟ್ಟಿದ್ದರೆ ಹೊಗೆ ಹಾಕಲು ನೀವೇ ಹೋಗದೆ ಜೇನು ಬಿಡಿಸುವುದನ್ನು ಬಲ್ಲವರನ್ನು ಕರೆಸಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮುನ್ನ ಸಿಡಿಲು ವಾಹಕದ ತಂತಿ ನೆಲಕ್ಕೆ ಸರಿಯಾಗಿ ತಾಗಿದೆಯೇ ಎಂದು ಎಲೆಕ್ಟ್ರಿಷಿಯನ್ನಿನಿಂದ ಪರೀಕ್ಷಿಸಿಕೊಳ್ಳಿ.

ರಿಜಿಸ್ಟರುಗಳನ್ನು ಗೋಡೆಗೆ ತಾಗದ ಕಪಾಟಿನಲ್ಲಿ ನೆಲದಿಂದ ಎತ್ತರಕ್ಕಿಟ್ಟು, ಪ್ರತಿ ಪುಟದ ಫೋಟೊ ತೆಗೆದು ಎರಡು ಕಡೆ ಉಳಿಸಿಕೊಳ್ಳಿ. ಹರಿದ ಹಾಳೆಗೆ ಸೆಲ್ಲೊಟೇಪ್ ಅಂಟಿಸುವುದೂ ಲ್ಯಾಮಿನೇಷನ್ ಮಾಡಿಸುವುದೂ ಅದನ್ನು ಕೊಂದಂತೆಯೇ.

ಸಮಾಧಿ ಸ್ಥಳವನ್ನು ಅಕ್ಟೋಬರ್ ಕೊನೆಯ ವಾರದಲ್ಲಿ ಎರಡೂ ಸಭೆಯವರು ಒಟ್ಟಾಗಿ ಶುಚಿಗೊಳಿಸುವುದು ಒಳ್ಳೆಯದು, ಆಗ ಮಳೆ ಇಳಿದಿರುತ್ತದೆ, ನವೆಂಬರ್ 2ರಂದು ಕ್ಯಾಥೊಲಿಕರು ಮೃತರನ್ನು ಸ್ಮರಿಸುವ ದಿನವೂ ಹತ್ತಿರವಿರುತ್ತದೆ. ಕಲ್ಲುಗಳಿಗೆ ಆಸಿಡ್ ಹಾಗೂ ತಂತಿ ಬ್ರಷ್ ತಾಗಿಸಬೇಡಿ. ನೀರು ಮತ್ತು ಮೆದು ಬ್ರಷ್ ಸಾಕು. ಸವೆದ ಅಕ್ಷರಗಳನ್ನು ನಡುಹಗಲಿನಲ್ಲಿ ಓದಲಾಗುವುದಿಲ್ಲ, ಆದರೆ ಇಳಿಬಿಸಿಲು ಓರೆಯಾಗಿ ಬಿದ್ದಾಗ, ಇಲ್ಲವೇ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಿದಾಗ, ಹೆಸರು ಎದ್ದು ಬರುತ್ತದೆ. ಹಾಗೆ ಸಿಕ್ಕಿದ ಹೆಸರನ್ನು ಆಗಲೇ ಬರೆದುಕೊಂಡು, ಅದೇ ಸಂಜೆ ರಿಜಿಸ್ಟರಿನ ಸಾಲಿನೊಂದಿಗೆ ಹೋಲಿಸಿ ನೋಡಿರಿ.