11% ಹುಡುಕಿದರೆ 110 ಮೂಟೆ ಯಾಕೆ ಬರುತ್ತದೆ

ಗೋಣಿಕೊಪ್ಪದ ಕಡೆಯ ಕಾಫಿ ಖರೀದಿ ಲೆಕ್ಕದಲ್ಲಿ ಷರಾ ಅನ್ನುವ ಕಾಲಂ ಇದ್ದೇ ಇರುತ್ತದೆ. ‘ರೊಬಸ್ಟಾ ಚೆರಿ, ತೇವ 11%’, ‘ಲಾಟ್ ಪಾ_7, ಔಟ್‌ಟರ್ನ್ ನೋಡಬೇಕು’ (ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ಅಂತ ರೈಟರ್ ಕೈಗೆ ಬಂದ ಹಾಗೆ ಬರೆದಿಟ್ಟಿರುತ್ತಾರೆ. ಆ ಲೆಕ್ಕ ಡೇಟಾಬೇಸ್‌ನಲ್ಲಿದ್ದರೆ ಅಲ್ಲಿ 11% ಹುಡುಕಿ ನೋಡಿ: 110 ಮೂಟೆ, 2011ರ ಬಾಕಿ, ಎಲ್ಲವೂ ಬಂದು ಬೀಳುತ್ತವೆ. ಡೇಟಾಬೇಸ್‌ನಲ್ಲಿ ಹೀಗೆ ಹುಡುಕುವುದು ಎಸ್‌ಕ್ಯೂಎಲ್ ಭಾಷೆಯ ಲೈಕ್ (LIKE). ಅದಕ್ಕೆ % ಅಂದರೆ ಮುಂದೆ ಏನಿದ್ದರೂ ಸರಿ, ಇಲ್ಲದಿದ್ದರೂ ಸರಿ. _ ಅಂದರೆ ಯಾವುದಾದರೂ ಒಂದೇ ಅಕ್ಷರ. ಇಂಥ ಚಿಹ್ನೆಗಳಿಗೇ ವೈಲ್ಡ್‌ಕಾರ್ಡ್ ಅನ್ನುವುದು. ಪಾ_7 ಕೇಳಿದರೆ ಪಾ-7 ಕೂಡ ಸಿಗುತ್ತದೆ. (ಆ ‘ಒಂದು ಅಕ್ಷರ’ ಯೂನಿಕೋಡ್ ಲೆಕ್ಕದ್ದು. ‘ಫಿ’ ಹಿಡಿಯಲು ಎರಡು _ ಬೇಕು.)

ಪ್ಯಾರಾಮೀಟರ್ ಬೈಂಡ್ ಮಾಡಿದರೆ (ಹುಡುಕುವ ಪದವನ್ನು ಡೇಟಾಬೇಸ್‌ಗೆ ಕೊಡುವ ಪ್ರಶ್ನೆ, ಅಂದರೆ ಕ್ವೆರಿಯೊಳಗೆ ಅಂಟಿಸದೆ, ? ಇಟ್ಟು ಬೇರೆಯಾಗಿ ಕೊಟ್ಟರೆ) ಸಾಲದೇ ಅನ್ನುತ್ತಾರೆ. ಸಾಲದು. ಬೈಂಡಿಂಗ್ ಇಂಜೆಕ್ಷನ್ (ಟೈಪಿಸಿದ್ದೇ ಕ್ವೆರಿಯ ಭಾಗವಾಗಿ ಓಡುವುದು) ತಡೆಯುತ್ತದೆ, ಅಷ್ಟೇ; ಒಳಗೆ ಹೋದ % ಆಮೇಲೂ ವೈಲ್ಡ್‌ಕಾರ್ಡೇ.

ನಾನು ಬಳಸುವುದು ಎಸ್‌ಕ್ಯೂಲೈಟ್ ಡೇಟಾಬೇಸ್. ಅದರಲ್ಲಿ ಎಸ್ಕೇಪ್ ಚಿಹ್ನೆ (ಪಕ್ಕದ %, _ ಗಳನ್ನು ಮಾಮೂಲಿ ಅಕ್ಷರವಾಗಿ ನೋಡು ಅನ್ನುವ ಗುರುತು) ತಾನಾಗಿ ಇರುವುದಿಲ್ಲ, ಕ್ವೆರಿಯಲ್ಲೇ ಹೇಳಬೇಕು:

ಷರಾ LIKE ? ESCAPE '!'

ಒರಾಕಲ್, ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಹೀಗೇ, ಎರಡನೆಯದರಲ್ಲಿ [ ಚಿಹ್ನೆಯೂ ವಿಶೇಷ, ಅದಕ್ಕೂ ಎಸ್ಕೇಪ್ ಹಾಕಬೇಕು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ \ ಮೊದಲೇ ನಿಗದಿ. ಆದರೆ ಮೈಎಸ್‌ಕ್ಯೂಎಲ್ ಸ್ಟ್ರಿಂಗ್ ಓದುವಾಗಲೂ \ ಅನ್ನು ಒಮ್ಮೆ ನುಂಗುವುದರಿಂದ, ಕ್ವೆರಿಯಲ್ಲೇ ಬರೆದು ಒಂದು \ ಹುಡುಕಲು \\\\ ಹಾಕಬೇಕು. ಈ ರಗಳೆ ಬೇಡವೆಂದೇ ಎಲ್ಲ ಕಡೆ ! ಇಟ್ಟುಕೊಂಡಿದ್ದೇನೆ.

ಎಡವುವುದು ಬದಲಾಯಿಸುವ ಕ್ರಮದಲ್ಲಿ. ಮೊದಲು ! ಇದ್ದಲ್ಲಿ !! ಮಾಡಬೇಕು, ಆಮೇಲೆ % ಅನ್ನು !%, _ ಅನ್ನು !_ ಮಾಡಬೇಕು. ತಿರುಗುಮುರುಗಾದರೆ 11% ಮೊದಲು 11!% ಆಗಿ, ನಂತರ 11!!% ಆಗುತ್ತದೆ. ಆಗ ಡೇಟಾಬೇಸ್ ಹುಡುಕುವುದು 11ರ ಪಕ್ಕದ ಆಶ್ಚರ್ಯಸೂಚಕವನ್ನು! ಎರರ್ ಬರುವುದಿಲ್ಲ, ಪಟ್ಟಿ ಖಾಲಿ ಬರುತ್ತದೆ. ಆ ತೇವದ ಚೆರಿಯೇ ಇಲ್ಲವೆಂದು ಅಂಗಡಿಯವರು ನಂಬಿಬಿಡುತ್ತಾರೆ. ಇಷ್ಟಾದ ಮೇಲಷ್ಟೇ ಹಿಂದೆ ಮುಂದೆ ನಮ್ಮ % ಸೇರಿಸಿ ಬೈಂಡ್ ಮಾಡುವುದು: %11!%%.

ಪರೀಕ್ಷೆಗೆ ಬರೀ %, ಬರೀ _, ಬರೀ ! ಒಂದೊಂದಾಗಿ ಹುಡುಕಿ. ಆ ಚಿಹ್ನೆ ಇರುವ ಸಾಲುಗಳಷ್ಟೇ ಬರಬೇಕು. ಖಾಲಿ ಪೆಟ್ಟಿಗೆ ಇಡೀ ಪಟ್ಟಿಯನ್ನೇ ಎಳೆದು ತರುತ್ತದೆ, ಅದನ್ನು ಕ್ವೆರಿಗೆ ಮುಂಚೆಯೇ ತಡೆಯಿರಿ.

ಪದ ಇದೆಯೋ ಇಲ್ಲವೋ ಅಷ್ಟೇ ಸಾಕಾದರೆ ಇನ್‌ಸ್ಟರ್ (INSTR) ಫಂಕ್ಷನ್ ಹಗುರ, ಅದಕ್ಕೆ ವೈಲ್ಡ್‌ಕಾರ್ಡೇ ಗೊತ್ತಿಲ್ಲ. ಕನ್ನಡ ಷರಾಕ್ಕೆ ಒಪ್ಪುತ್ತದೆ. ತಳಿಯ ಹೆಸರನ್ನು ಇಂಗ್ಲಿಷ್‌ನಲ್ಲಿ ಟೈಪಿಸುವ ಕಡೆ ಮಾತ್ರ ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೆ ಎಸ್‌ಕ್ಯೂಲೈಟ್‌ನ ಇನ್‌ಸ್ಟರ್‌ಗೆ ಸಿಗುವುದಿಲ್ಲ, ಲೈಕ್‌ಗೆ ಸಿಗುತ್ತದೆ.